ಚುಚ್ಚುಮದ್ದಿನ ಭಯವನ್ನು ತೂಗಿ ನೋಡುವುದು ಹೇಗೆ?



ದನಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು ಹಾಕುವ ದಿನ ಊರಿನಲ್ಲಿ ನಡೆಯುವ ಮಾತುಕತೆಯನ್ನು ನೀವು ಕೇಳಿಯೇ ಇರುತ್ತೀರಿ. ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆಂದು ಒಬ್ಬರು ಹೇಳುತ್ತಾರೆ. ಹಾಕಿಸದಿದ್ದರೆ ದನವೇ ಕೈಬಿಟ್ಟು ಹೋದೀತೆಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ನಿಜವುಂಟು. ಮದ್ದು ಹಾಕಿಸಿದ ಎರಡು ಮೂರು ದಿನ ಕೆಲವು ಹಸುಗಳ ಹಾಲು ಕಡಿಮೆಯಾಗುವುದು ಸುಳ್ಳಲ್ಲ. ಆದರೆ ರೋಗವೇ ಬಂದರೆ ಬಾಯಿಯಲ್ಲಿಯೂ ಗೊರಸಿನ ಸಂದಿಯಲ್ಲಿಯೂ ಹುಣ್ಣಾಗಿ, ಹಾಲು ಬತ್ತಿ, ಉಳುವ ಎತ್ತು ಕೊಟ್ಟಿಗೆಯಲ್ಲಿ ನಿಂತುಬಿಡುತ್ತದೆ. ಎಳೆಗರುಗಳು ಸಾಯುವುದೂ ಉಂಟು. ಬಲ್ಲ ರೈತನು ಈ ಎರಡು ನಷ್ಟಗಳನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿ ನೋಡುತ್ತಾನೆ.

ದನದ ವಿಷಯದಲ್ಲಿ ಸುಲಭವಾಗಿರುವ ಈ ತೂಕ, ಮನೆಯ ಮಕ್ಕಳ ಮತ್ತು ಹಿರಿಯರ ವಿಷಯಕ್ಕೆ ಬಂದಾಗ ಕಷ್ಟವಾಗುತ್ತದೆ. ದೇಶಕ್ಕೆಲ್ಲಾ ಹಬ್ಬುವ ದೊಡ್ಡ ಸಾಂಕ್ರಾಮಿಕ ಬಂದಾಗಲಂತೂ ರೋಗವೂ ಹೊಸದು, ಮದ್ದೂ ಹೊಸದು. ಒಂದು ಕಡೆ "ಕೂಡಲೇ ಹಾಕಿಸಿಕೊಳ್ಳಿ" ಎಂಬ ಕರೆ. ಇನ್ನೊಂದು ಕಡೆ "ಹಾಕಿಸಿಕೊಂಡವನು ಸತ್ತನಂತೆ" ಎಂಬ ಸುದ್ದಿ. ಯಾರನ್ನು ನಂಬಬೇಕು? ಕಣ್ಣು ಮುಚ್ಚಿ ನಂಬುವುದೂ ಬೇಡ, ಕಣ್ಣು ಮುಚ್ಚಿ ಹೆದರುವುದೂ ಬೇಡ. ಭಯವನ್ನು ಪ್ರಶ್ನೆಯನ್ನಾಗಿ ಮಾಡಿ, ಪ್ರಶ್ನೆಗೆ ಲೆಕ್ಕದ ಉತ್ತರ ಕೇಳುವುದನ್ನು ಕಲಿಯಬೇಕು. ಈ ಪಾಠದ ಉದ್ದೇಶ ಅದೇ. ಇದಕ್ಕಾಗಿ ನಮ್ಮ ದೇಶದಲ್ಲಿಯೇ ನಡೆದ ಎರಡು ಸಂದರ್ಭಗಳನ್ನು ನೋಡೋಣ. ಒಂದು, 1896ರಲ್ಲಿ ಬಂದ ಪ್ಲೇಗು. ಇನ್ನೊಂದು, ನಾವೆಲ್ಲರೂ ಕಂಡ ಕೋವಿಡ್.

ಪ್ಲೇಗು ಬಂದ ಕಾಲ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬಂದರಿನಿಂದ ಬಂದ ರೋಗ ರೈಲಿನ ದಾರಿ ಹಿಡಿದು ಒಳನಾಡಿಗೆ ನುಗ್ಗಿತು. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಲ್ಲಿ ಹಾವಳಿಯೆಬ್ಬಿಸಿ, ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮನೆಯಲ್ಲಿ ಇಲಿ ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಥೆಯನ್ನು ಹಿರಿಯರ ಬಾಯಿಂದ ನೀವು ಕೇಳಿರಬಹುದು. ಪ್ಲೇಗಿನ ಹೆಸರು ಹೊತ್ತ ಅಮ್ಮನ ಗುಡಿಗಳು ನಮ್ಮ ನಾಡಿನಲ್ಲಿ ಇಂದಿಗೂ ಇವೆ. ಮುಂದಿನ ಕೆಲವು ದಶಕಗಳಲ್ಲಿ ಈ ರೋಗ ದೇಶದಲ್ಲಿ 1 ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 1907ರ ಒಂದೇ ವರ್ಷದಲ್ಲಿ ಸತ್ತವರು 10 ಲಕ್ಷಕ್ಕೂ ಮೇಲೆ.

ಮದ್ದು ಮತ್ತು ಅದರ ಪರೀಕ್ಷೆ

ಆಗ ಮುಂಬಯಿಗೆ ಬಂದವರು ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿ, 1893ರಲ್ಲಿ ಕಾಲರಾ ಲಸಿಕೆಯೊಡನೆ ಭಾರತಕ್ಕೆ ಬಂದಿದ್ದವರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಚಿಕ್ಕ ಜಾಗದಲ್ಲಿ, ಬೆರಳೆಣಿಕೆಯ ಸಹಾಯಕರೊಡನೆ ಅವರು ಕೆಲಸಕ್ಕೆ ಕುಳಿತರು. ಪ್ಲೇಗಿನ ರೋಗಾಣುಗಳನ್ನು ಸಾರಿನಲ್ಲಿ ಬೆಳೆಸಿ, ಕಾಯಿಸಿ ಕೊಂದು, ಆ ಸತ್ತ ರೋಗಾಣುಗಳಿಂದ ಮದ್ದು ಮಾಡಿದರು. ಸತ್ತ ರೋಗಾಣು ರೋಗ ತರಲಾರದು. ಆದರೆ ಶತ್ರುವಿನ ಗುರುತು ಹೇಗಿರುತ್ತದೆ ಎಂಬುದನ್ನು ದೇಹಕ್ಕೆ ತೋರಿಸಿಕೊಡುತ್ತದೆ. ಮುಂದೆ ಜೀವಂತ ರೋಗಾಣು ಬಂದಾಗ ದೇಹ ಅದನ್ನು ಗುರುತು ಹಿಡಿದು ಎದುರಿಸುತ್ತದೆ.

1897ರ ಜನವರಿ 10ರಂದು ಹಾಫ್ಕಿನ್ ಆ ಮದ್ದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವು ಬಂತು, ಬಳಿಕ ಇಳಿಯಿತು. ಆದರೆ ಮಾಡಿದವನೇ ಚುಚ್ಚಿಸಿಕೊಂಡನೆಂದರೆ ಅವನ ಧೈರ್ಯ ಗೊತ್ತಾಗುತ್ತದೆಯೇ ಹೊರತು ಮದ್ದಿನ ಗುಣ ಗೊತ್ತಾಗುವುದಿಲ್ಲ. ಒಂದು ಗಿಡ ಚೆನ್ನಾಗಿ ಬಂದಿತೆಂದು ಯಾರೂ ಊರಿಗೆಲ್ಲಾ ಹೊಸ ಬೀಜ ಹಂಚುವುದಿಲ್ಲ. ಹೊಸ ಬೀಜವನ್ನು ಒಂದು ತಾಕಿನಲ್ಲಿಯೂ ಹಳೆಯ ಬೀಜವನ್ನು ಪಕ್ಕದ ತಾಕಿನಲ್ಲಿಯೂ ಬಿತ್ತಿ, ಎರಡಕ್ಕೂ ಒಂದೇ ನೀರು ಗೊಬ್ಬರ ಕೊಟ್ಟು, ಕಣದಲ್ಲಿ ಅಳೆದು ನೋಡಬೇಕು.

ಅಂಥ ಅಳತೆ ಅದೇ ತಿಂಗಳ ಕೊನೆಯಲ್ಲಿ ಮುಂಬಯಿಯ ಬೈಕುಲ್ಲಾ ಸೆರೆಮನೆಯಲ್ಲಿ ನಡೆಯಿತು. ಸೆರೆಮನೆಯೊಳಗೆ ಪ್ಲೇಗು ಹೊಕ್ಕಿತ್ತು. ಸುಮಾರು ಅರ್ಧದಷ್ಟು ಜನ ಚುಚ್ಚಿಸಿಕೊಂಡರು, ಉಳಿದವರು ಚುಚ್ಚಿಸಿಕೊಳ್ಳಲಿಲ್ಲ. ಊಟ, ನೀರು, ಗೋಡೆ ಎಲ್ಲವೂ ಇಬ್ಬರಿಗೂ ಒಂದೇ. ಮದ್ದು ಹಾಕುವ ಹೊತ್ತಿಗಾಗಲೇ ರೋಗ ಹಿಡಿದಿದ್ದವರನ್ನು ಬಿಟ್ಟು ಲೆಕ್ಕ ಹಾಕಿದಾಗ, ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ತೀರಿಕೊಂಡಿದ್ದರು. ಹಾಕಿಸಿಕೊಂಡವರಲ್ಲಿ 2 ಮಂದಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ. ಸೆರೆಯಲ್ಲಿರುವವರ ಮೇಲೆ ಇಂಥ ಪರೀಕ್ಷೆ ನಡೆಸಲು ಇಂದಿನ ನಿಯಮಗಳು ಸುಲಭವಾಗಿ ಒಪ್ಪುವುದಿಲ್ಲ; ಅದು ಸರಿಯೇ. ಆದರೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸುವ ಕ್ರಮ ಇಂದಿಗೂ ಅದೇ. ಈ ಮದ್ದು ಪೂರ್ಣ ರಕ್ಷಣೆ ಕೊಡುತ್ತಿರಲಿಲ್ಲ, ಕೆಲವು ತಿಂಗಳು ಕಳೆದರೆ ಅದರ ಬಲ ಕುಂದುತ್ತಿತ್ತು. ಅಷ್ಟಾದರೂ ಬೇರೆ ದಾರಿಯಿಲ್ಲದ ಆ ಕಾಲದಲ್ಲಿ ಅದು ಬಹಳ ಜನರ ಪ್ರಾಣ ಉಳಿಸಿತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೇ ಸಾವಿರಾರು ಜನ ಇದನ್ನು ಹಾಕಿಸಿಕೊಂಡರು.

ಜನ ಏಕೆ ಹಿಂಜರಿದರು?

ಅಷ್ಟು ಒಳ್ಳೆಯ ಮದ್ದನ್ನು ಜನ ಓಡಿಬಂದು ಹಾಕಿಸಿಕೊಳ್ಳಬಹುದಿತ್ತಲ್ಲವೇ? ಹಾಗಾಗಲಿಲ್ಲ. "ಜನರಿಗೆ ತಿಳಿವಳಿಕೆಯಿಲ್ಲ" ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಅರ್ಧ ಸತ್ಯ. ಹಿಂಜರಿಕೆಗೆ ಮೂರು ಕಾರಣಗಳಿದ್ದವು.

ಮೊದಲನೆಯದು ಬಲವಂತ. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಸಾಮಾನು ಸುಟ್ಟರು, ಹೆಂಗಸರ ಮಾನಮರ್ಯಾದೆಯನ್ನೂ ಲೆಕ್ಕಿಸಲಿಲ್ಲ. ಜನರ ಸಿಟ್ಟು ಎಷ್ಟಿತ್ತೆಂದರೆ, 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿಯಾಗಿದ್ದ ರ‍್ಯಾಂಡ್ ಎಂಬವರಿಗೆ ಚಾಪೇಕರ್ ಸಹೋದರರು ಗುಂಡು ಹೊಡೆದರು. ಸೂಜಿ ಹಿಡಿದ ಡಾಕ್ಟರು ಬೇರೆ, ಬಂದೂಕು ಹಿಡಿದ ಸೈನಿಕ ಬೇರೆ. ಆದರೆ ಇಬ್ಬರೂ ಒಂದೇ ಸರ್ಕಾರದ ಕಡೆಯಿಂದ ಬಂದವರಾದ್ದರಿಂದ ಜನ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡಿದರು.

ಎರಡನೆಯದು ಗಾಳಿಮಾತು. ಸೂಜಿ ಗಜದುದ್ದ ಇದೆ, ಚುಚ್ಚಿದ ಕೂಡಲೇ ಪ್ರಾಣ ಹೋಗುತ್ತದೆ, ಗಂಡಸರ ಶಕ್ತಿ ಕುಂದುತ್ತದೆ, ಹೆಂಗಸರು ಬಂಜೆಯಾಗುತ್ತಾರೆ ಎಂಬ ಸುದ್ದಿಗಳು ಆಗ ಹಬ್ಬಿದ್ದವು. ಇವುಗಳಲ್ಲಿ ಕೆಲವನ್ನು 2021ರಲ್ಲಿಯೂ ನೀವು ಕೇಳಿದ್ದೀರಿ. ನೂರು ವರ್ಷ ದಾಟಿದರೂ ಸುಳ್ಳಿನ ಪಾಠ ಬದಲಾಗಲಿಲ್ಲ, ಹಳ್ಳಿಗೆ ಬರುವ ಅದರ ವೇಗ ಮಾತ್ರ ಹೆಚ್ಚಾಯಿತು.

ಮೂರನೆಯದು ಕೂಲಿ. ಆ ಮದ್ದು ಹಾಕಿಸಿಕೊಂಡವರಿಗೆ ಬಲವಾದ ಜ್ವರ ಬಂದು ಒಂದೆರಡು ದಿನ ಏಳಲಾಗುತ್ತಿರಲಿಲ್ಲ. ದಿನಗೂಲಿಯವನಿಗೆ ಎರಡು ದಿನವೆಂದರೆ ಎರಡು ದಿನದ ಅನ್ನ. ಅವನ ಹಿಂಜರಿಕೆ ಮೂಢನಂಬಿಕೆಯಲ್ಲ.

ಈ ಭಯ ಕಡಿಮೆಯಾದ ಕಡೆಗಳಲ್ಲಿ ಆದದ್ದು ಹೇಗೆ? ಮುಂಬಯಿಯಲ್ಲಿ ಖೋಜಾ ಸಮಾಜದ ಗುರುಗಳಾಗಿದ್ದ ಆಗಾ ಖಾನರು ಹಾಫ್ಕಿನರಿಗೆ ಕೆಲಸ ಮಾಡಲು ತಮ್ಮ ಬಂಗಲೆ ಬಿಟ್ಟುಕೊಟ್ಟರು. ತಮ್ಮ ಜನರ ಎದುರಿನಲ್ಲಿ ತಾವೇ ತೋಳು ಚಾಚಿ ಚುಚ್ಚಿಸಿಕೊಂಡರು. ಅವರ ಸಮಾಜದ ಸಾವಿರಾರು ಜನ ಹಿಂದೆಯೇ ಬಂದರು. ಸೈನಿಕರಿಂದಾಗದ ಕೆಲಸ ನಂಬಿಕೆಯುಳ್ಳ ಒಬ್ಬ ಹಿರಿಯರಿಂದ ಆಯಿತು.

ಮುಲ್ಕೋವಾಲದ ಒಂದು ಬಾಟಲಿ

ಇನ್ನು ಈ ಕಥೆಯ ಕಹಿ ಭಾಗಕ್ಕೆ ಬರೋಣ. ಲಸಿಕೆಯನ್ನು ಹೊಗಳುವವರು ಇದನ್ನು ಬಿಟ್ಟು ಹೇಳುವುದುಂಟು. ಬಿಡಕೂಡದು.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಜೋರಾಗಿತ್ತು. ಲಕ್ಷಗಟ್ಟಲೆ ಜನರಿಗೆ ಮದ್ದು ಹಾಕುವ ದೊಡ್ಡ ಏರ್ಪಾಟು ನಡೆದಿತ್ತು. ಅಕ್ಟೋಬರ್ 30ರಂದು ಮುಲ್ಕೋವಾಲ ಎಂಬ ಹಳ್ಳಿಯಲ್ಲಿ (ಇಂದು ಅದು ಪಾಕಿಸ್ತಾನದಲ್ಲಿದೆ) 107 ಮಂದಿಗೆ ಚುಚ್ಚುಮದ್ದು ಹಾಕಿದರು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಮಂದಿಗೆ ದವಡೆ ಬಿಗಿದು ಮೈ ಸೆಟೆಯತೊಡಗಿತು. ಅದು ಧನುರ್ವಾಯು. 19 ಮಂದಿಯೂ ತೀರಿಕೊಂಡರು.

ಇದು ಕಾಕತಾಳೀಯವಲ್ಲವೆಂದು ತಿಳಿದದ್ದು ಹೇಗೆ? ಎಣಿಕೆಯಿಂದ. ಸತ್ತ 19 ಮಂದಿಗೂ ಮದ್ದು ಬಂದದ್ದು 53-ಎನ್ ಎಂಬ ಗುರುತಿನ ಒಂದೇ ಬಾಟಲಿಯಿಂದ. ಬೇರೆ ಬಾಟಲಿಗಳಿಂದ ಹಾಕಿಸಿಕೊಂಡ 88 ಮಂದಿಯಲ್ಲಿ ಒಬ್ಬರಿಗೂ ಧನುರ್ವಾಯು ಬರಲಿಲ್ಲ. ಒಂದೇ ರೋಗ, ಒಂದೇ ಬಾಟಲಿ, ಒಂದೇ ದಿನ. ಆದ್ದರಿಂದ ಆ ಬಾಟಲಿಯೊಳಗೆ ಧನುರ್ವಾಯುವಿನ ಬೀಜ ಸೇರಿತ್ತೆಂಬುದರಲ್ಲಿ ಸಂಶಯವಿರಲಿಲ್ಲ. ಉಳಿದ ಪ್ರಶ್ನೆ ಒಂದೇ: ಅದು ಸೇರಿದ್ದು ಎಲ್ಲಿ? ಮುಂಬಯಿಯ ಪ್ರಯೋಗಶಾಲೆಯಲ್ಲಿಯೋ, ಹಳ್ಳಿಯಲ್ಲಿ ಬಾಟಲಿ ತೆರೆಯುವಾಗಲೋ?

ಸರ್ಕಾರ ನೇಮಿಸಿದ ವಿಚಾರಣಾ ಮಂಡಲಿ ತಪ್ಪು ಪ್ರಯೋಗಶಾಲೆಯದೆಂದು ಹೇಳಿತು. ಮದ್ದನ್ನು ಹೆಚ್ಚು ಬೇಗ ತಯಾರಿಸಲು ಶುದ್ಧಿಯ ಕ್ರಮವನ್ನು ಹಾಫ್ಕಿನ್ ಬದಲಾಯಿಸಿದ್ದರೆಂಬುದು ಅವರ ಮೇಲಿನ ಆರೋಪ. ಅವರನ್ನು ಕೆಲಸದಿಂದ ದೂರವಿಟ್ಟರು, ಅವರು ದೇಶ ಬಿಟ್ಟು ಹೋದರು. ಆದರೆ ವಿಚಾರಣೆಯ ಕಾಗದಗಳನ್ನು ವಿಜ್ಞಾನಿಗಳು ಓದಿದಾಗ ಬೇರೆಯೇ ಸಂಗತಿ ಹೊರಬಿತ್ತು. ಆ ಬಾಟಲಿಯ ಬಿರಡೆ ತೆಗೆಯುವ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಕಾಯಿಸದೆ, ಔಷಧದ ನೀರಿನಲ್ಲಿ ಅದ್ದಿ ಮಾತ್ರ ಬಿರಡೆ ತೆಗೆದಿದ್ದರು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಸಗಣಿ ಲದ್ದಿಗಳಲ್ಲಿ. ಕುಡುಗೋಲಿನ ಗಾಯಕ್ಕೆ ಮಣ್ಣು ತಗುಲಿದರೆ ನೀವು ಹೆದರುವುದು ಆ ಕಾರಣಕ್ಕೇ. ಇದಲ್ಲದೆ ಇನ್ನೊಂದು ಸಾಕ್ಷಿಯಿತ್ತು. ಧನುರ್ವಾಯುವಿನ ರೋಗಾಣು ಬಾಟಲಿಯಲ್ಲಿ ವಾರಗಟ್ಟಲೆ ಬೆಳೆದಿದ್ದರೆ ತೆರೆದ ಕೂಡಲೇ ದುರ್ವಾಸನೆ ಹೊಡೆಯಬೇಕಿತ್ತು. ಅಂದು ಬಾಟಲಿ ತೆರೆದಾಗ ಅಂಥ ವಾಸನೆ ಇರಲಿಲ್ಲ. 1907ರ ಜುಲೈಯಲ್ಲಿ ರೊನಾಲ್ಡ್ ರಾಸ್ ಮೊದಲಾದ ಹೆಸರಾಂತ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಹಾಫ್ಕಿನರ ಪರವಾಗಿ ನಿಂತರು. ಅದೇ ವರ್ಷದ ಕೊನೆಯಲ್ಲಿ ಅವರು ದೋಷಮುಕ್ತರಾಗಿ ಭಾರತಕ್ಕೆ ಮರಳಿದರು. ಅವರು ಕಟ್ಟಿದ ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಅವರದೇ ಹೆಸರನ್ನಿಟ್ಟರು.

ಐದು ವರ್ಷಗಳ ಮೇಲೆ ನ್ಯಾಯವೇನೋ ಸಿಕ್ಕಿತು. ಆದರೆ ಅಷ್ಟರಲ್ಲಿ ಪಂಜಾಬಿನ ಜನರ ನಂಬಿಕೆ ಕುಸಿದು, ಆ ದೊಡ್ಡ ಏರ್ಪಾಟು ಮುರಿದುಬಿದ್ದಿತ್ತು. 1907ರಲ್ಲಿ ದೇಶದಲ್ಲೇ ಅತಿ ಹೆಚ್ಚು ಪ್ಲೇಗಿನ ಸಾವುಗಳನ್ನು ಕಂಡ ಪ್ರಾಂತಗಳಲ್ಲಿ ಪಂಜಾಬು ಒಂದು.

ಈ ಘಟನೆಯಿಂದ ಕಲಿಯಬೇಕಾದ್ದನ್ನು ಬೀಜದ ಚೀಲದ ಹೋಲಿಕೆಯಿಂದ ತಿಳಿಯಬಹುದು. ಒಂದು ಚೀಲದ ಬೀಜ ಮೊಳೆಯದಿದ್ದರೆ ನೀವು ಏನು ಮಾಡುತ್ತೀರಿ? ಆ ತಳಿಯೇ ಕೆಟ್ಟದ್ದೋ, ಚೀಲ ಮಳೆಯಲ್ಲಿ ನೆನೆಯಿತೋ, ಬಿತ್ತಿದವನು ಆಳಕ್ಕೆ ಹಾಕಿದನೋ ಎಂದು ಬೇರೆ ಬೇರೆಯಾಗಿ ವಿಚಾರಿಸುತ್ತೀರಿ. ಚೀಲದ ಮೇಲಿನ ಚೀಟಿ ನೋಡಿ, ಅದೇ ಗುರುತಿನ ಚೀಲ ಒಯ್ದ ನೆರೆಯವರನ್ನು ಕೇಳುತ್ತೀರಿ. ಲಸಿಕೆಯಿಂದ ಅಪಾಯವಾದಾಗಲೂ ಇದೇ ಮೂರು ಪ್ರಶ್ನೆಗಳು: ಮದ್ದಿನ ದೋಷವೋ, ಆ ಒಂದು ಬಾಟಲಿಯ ದೋಷವೋ, ಹಾಕಿದ ಕೈಯ ದೋಷವೋ? ಉತ್ತರ ಬೇಗ ಸಿಕ್ಕಿ ಎಲ್ಲರಿಗೂ ತಿಳಿದರೆ ನಂಬಿಕೆ ಉಳಿಯುತ್ತದೆ. ತಡವಾದರೆ ಒಳ್ಳೆಯ ಮದ್ದಿಗೂ ಕೆಟ್ಟ ಹೆಸರು ಬಂದು, ಅದರ ಬೆಲೆಯನ್ನು ರೋಗಿಗಳು ತೆರುತ್ತಾರೆ.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

ಎಣಿಕೆ ಅಪರಾಧವನ್ನು ತೋರಿಸುವಂತೆಯೇ ನಿರಪರಾಧವನ್ನೂ ತೋರಿಸುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ನಿಮಗೆ ಗೊತ್ತಿದೆ. ಕಾಗೆಯಿಂದಲೇ ಕೊಂಬೆ ಮುರಿಯಿತೋ, ಮೊದಲೇ ಹುಳು ತಿಂದಿತ್ತೋ ಎಂದು ತಿಳಿಯುವುದು ಹೇಗೆ?

ಒಂದು ಲೆಕ್ಕ ಮಾಡಿ ನೋಡಿ. ನಮ್ಮ ನಾಡಿನಲ್ಲಿ 1,000 ಜನಸಂಖ್ಯೆಗೆ ವರ್ಷಕ್ಕೆ ಆರೇಳು ಸಾವುಗಳಾಗುವುದು ವಾಡಿಕೆ. ಹಾಗಿದ್ದಲ್ಲಿ 10 ಲಕ್ಷ ಜನರಲ್ಲಿ ವರ್ಷಕ್ಕೆ ಆರೇಳು ಸಾವಿರ, ಅಂದರೆ ವಾರಕ್ಕೆ ನೂರಕ್ಕೂ ಹೆಚ್ಚು ಸಾವುಗಳು. ಈಗ ಆ 10 ಲಕ್ಷ ಜನರಿಗೂ ಒಂದೇ ದಿನ ಬರಿಯ ನೀರಿನ ಚುಚ್ಚುಮದ್ದು ಹಾಕಿದರೆಂದು ಇಟ್ಟುಕೊಳ್ಳಿ. ಮುಂದಿನ ವಾರ ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ತಮ್ಮ ಆಯುಸ್ಸು ಮುಗಿದು, ಇಲ್ಲವೇ ಇದ್ದ ರೋಗದಿಂದ ಸತ್ತೇ ಸಾಯುತ್ತಾರೆ. ಪ್ರತಿಯೊಂದು ಮನೆಯವರೂ "ಚುಚ್ಚಿಸಿಕೊಂಡ ವಾರದಲ್ಲೇ ಹೋದರು" ಎಂದು ಹೇಳುತ್ತಾರೆ. ಅವರ ದುಃಖವೂ ನಿಜ, ಹೇಳುವ ಮಾತೂ ನಿಜ. ಆದರೆ ಕಾರಣ ಅದಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ "ಹಾಕಿಸಿಕೊಂಡ ಮೇಲೆ ಸತ್ತವರುಂಟೇ?" ಎಂಬುದಲ್ಲ. ಎಂದಿನ ಲೆಕ್ಕಕ್ಕಿಂತ ಹೆಚ್ಚು ಜನ ಸತ್ತರೇ? ಹಾಕಿಸಿಕೊಳ್ಳದವರಿಗಿಂತ ಹೆಚ್ಚೇ? ಎಲ್ಲರಿಗೂ ಒಂದೇ ಬಗೆಯ ವಿಚಿತ್ರ ರೋಗವೇ? ಇವು ಸರಿಯಾದ ಪ್ರಶ್ನೆಗಳು.

ಕೋವಿಡ್ ಕಾಲದ ಚರ್ಚೆ

ಇದೇ ಪ್ರಶ್ನೆಗಳನ್ನು ಹಿಡಿದು ಕೋವಿಡ್ ಕಾಲಕ್ಕೆ ಬನ್ನಿ. 2021ರ ಜನವರಿ 3ರಂದು ನಮ್ಮ ದೇಶದಲ್ಲಿ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎಂಬ ಎರಡು ಲಸಿಕೆಗಳಿಗೆ ತುರ್ತು ಅನುಮತಿ ಸಿಕ್ಕಿತು. ಜನವರಿ 16ರಂದು ಹಾಕುವ ಕೆಲಸ ಆರಂಭವಾಯಿತು. ಆಗ ಕೋವ್ಯಾಕ್ಸಿನಿನ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಕಣದ ಅಳತೆ ಮುಗಿಯುವ ಮೊದಲೇ ಬೀಜ ಹಂಚುವುದು ಸರಿಯೇ ಎಂದು ಹಲವು ಡಾಕ್ಟರುಗಳೂ ವಿಜ್ಞಾನಿಗಳೂ ಬಹಿರಂಗವಾಗಿ ಕೇಳಿದರು. ಕೇಳಿದ್ದು ನ್ಯಾಯವೇ ಆಗಿತ್ತು. ಮಾರ್ಚಿಯಲ್ಲಿ ಮೊದಲ ಫಲಿತಾಂಶ ಬಂದಿತು, ಜುಲೈಯಲ್ಲಿ ಪೂರ್ಣ ಫಲಿತಾಂಶ ಬಂದಿತು: ರೋಗಲಕ್ಷಣ ತೋರುವ ಕೋವಿಡನ್ನು ಅದು 77.8 ಶೇಕಡಾ ತಡೆಯುತ್ತದೆ. ಪ್ರಶ್ನೆಗೆ ಲೆಕ್ಕ ಉತ್ತರ ಕೊಟ್ಟಿತು. ಆದರೆ ಮೊದಲ ಎರಡು ತಿಂಗಳಿನ ಸಂಶಯ ಅಷ್ಟರಲ್ಲಿ ಹಳ್ಳಿಗಳನ್ನು ಮುಟ್ಟಿತ್ತು.

ಅದರ ಬೆಲೆಯನ್ನೂ ನೋಡಿ. 60 ದಾಟಿದವರಿಗೆ 2021ರ ಮಾರ್ಚಿ 1ರಿಂದಲೇ ಲಸಿಕೆ ತೆರೆದಿತ್ತು. "ನೋಡಿಕೊಂಡು ಹಾಕಿಸೋಣ" ಎಂದು ಕಾದವರು ಬಹಳ. ಏಪ್ರಿಲ್ ಮೇ ತಿಂಗಳಲ್ಲಿ ಎರಡನೆಯ ಅಲೆ ಹಳ್ಳಿಗಳ ಮೇಲೆ ಬಿತ್ತು. ಹೆದರಿ ಓಡಿಬಂದಾಗ ಮದ್ದೇ ಸಾಲದಾಗಿತ್ತು. ಹಿಂಜರಿಕೆ ಒಂದು ತಪ್ಪಾದರೆ ಕೊರತೆ ಇನ್ನೊಂದು. ಎರಡೂ ಸೇರಿ ಮನೆಗಳ ದೀಪ ಆರಿಸಿದವು. ಸರ್ಕಾರಿ ಲೆಕ್ಕದಲ್ಲಿಯೇ ದೇಶದಲ್ಲಿ ಕೋವಿಡಿನಿಂದ ಸತ್ತವರು 5 ಲಕ್ಷ 30 ಸಾವಿರಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಅದಕ್ಕಿಂತ ಬಹಳ ದೊಡ್ಡದು.

ಇನ್ನು ಕೋವಿಶೀಲ್ಡಿನ ಮಾತು. 2021ರ ಮಾರ್ಚಿಯಲ್ಲಿ ಯುರೋಪಿನ ಹಲವು ದೇಶಗಳು ಇದೇ ಲಸಿಕೆಯನ್ನು (ಅಲ್ಲಿ ಅದರ ಹೆಸರು ಆಸ್ಟ್ರಾಜೆನೆಕಾ) ಕೆಲವು ದಿನ ನಿಲ್ಲಿಸಿದವು. ಹಾಕಿಸಿಕೊಂಡ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದರ ಜೊತೆಗೆ ರಕ್ತದ ಕಿರುಬಿಲ್ಲೆಗಳು ಇಳಿಯುವ ವಿಚಿತ್ರ ರೋಗ ಕಂಡಿತ್ತು. ಸಾಮಾನ್ಯ ರೋಗವಲ್ಲದ್ದರಿಂದಲೇ ಅದು ಎಣಿಕೆಯಲ್ಲಿ ಎದ್ದು ಕಾಣಿಸಿತು. ಏಪ್ರಿಲ್ 7ರಂದು ಯುರೋಪಿನ ಔಷಧ ಸಂಸ್ಥೆ ಇದನ್ನು ಲಸಿಕೆಯ ಅತಿ ಅಪರೂಪದ ದುಷ್ಪರಿಣಾಮವೆಂದು ಒಪ್ಪಿ ಪಟ್ಟಿಗೆ ಸೇರಿಸಿತು. ಬ್ರಿಟನ್ನಿನ ಲೆಕ್ಕದಲ್ಲಿ ಅದು 10 ಲಕ್ಷ ಡೋಸಿಗೆ ಸುಮಾರು 4. ನಮ್ಮ ದೇಶದ ತಜ್ಞರ ಸಮಿತಿಯ ವರದಿ 2021ರ ಮೇ ತಿಂಗಳಲ್ಲಿ ಹೊರಬಂತು. ಅದರ ಪ್ರಕಾರ ಇಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳು 10 ಲಕ್ಷ ಡೋಸಿಗೆ 0.61.

ಬ್ರಿಟನ್ನಿನವರು ಏನು ಮಾಡಿದರೆಂಬುದು ಗಮನಿಸತಕ್ಕದ್ದು. 30 ವರ್ಷದೊಳಗಿನ ಆರೋಗ್ಯವಂತರಿಗೆ ಕೋವಿಡಿನಿಂದ ಅಪಾಯ ಕಡಿಮೆ. ಆದ್ದರಿಂದ ಅವರಿಗೆ ಬೇರೆ ಲಸಿಕೆ ಕೊಡುವುದು ಲೇಸೆಂದರು. ಮುದುಕರಿಗೆ ರೋಗದ ಅಪಾಯವೇ ಬಹಳ ಹೆಚ್ಚು. ಅವರಿಗೆ ಇದನ್ನೇ ಮುಂದುವರಿಸಿದರು. ತಕ್ಕಡಿಯಲ್ಲಿ ತೂಗುವುದೆಂದರೆ ಇದು. ಮದ್ದು ಒಂದೇ, ವಯಸ್ಸು ಬೇರೆಯಾದಂತೆ ತೂಕ ಬೇರೆ.

ಮುಲ್ಕೋವಾಲದ ಸತ್ಯ ಹೊರಬರಲು ಐದು ವರ್ಷ ಬೇಕಾಯಿತು. ಇಲ್ಲಿ ಕೆಲವು ವಾರಗಳಲ್ಲಿ ತಿಳಿಯಿತು. ಹಾಗಾದದ್ದು ಯಾರೋ ಡಾಕ್ಟರು, ಯಾರೋ ಮನೆಯವರು ಸುಮ್ಮನಿರದೆ ವರದಿ ಮಾಡಿದ್ದರಿಂದ. 2024ರಲ್ಲಿ ಬ್ರಿಟನ್ನಿನ ಕೋರ್ಟಿನಲ್ಲಿ ಕಂಪನಿ ಈ ದುಷ್ಪರಿಣಾಮವನ್ನು ಒಪ್ಪಿದ ಸುದ್ದಿ ಬಂದಾಗ ನಮ್ಮಲ್ಲಿ ಅನೇಕರು ಗಾಬರಿಯಾದರು. ಆದರೆ ಅದು 2021ರಲ್ಲಿಯೇ ಪ್ರಕಟವಾಗಿದ್ದ ಸಂಗತಿ. ಅಲ್ಲದೆ ಆ ರೋಗ ಬರುವುದಿದ್ದರೆ ಚುಚ್ಚಿಸಿಕೊಂಡ ಮೊದಲ ಕೆಲವು ವಾರಗಳಲ್ಲಿ ಬರುತ್ತದೆ. ಎಂದೋ ಹಾಕಿಸಿಕೊಂಡವರು ಇಂದು ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಹಾಸನದ ಸುದ್ದಿ

2025ರ ಮೇ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದು ನಾಡೆಲ್ಲಾ ಕಳವಳಪಟ್ಟಿತು. ಸತ್ತವರಲ್ಲಿ ಹರೆಯದವರೂ ಇದ್ದರು. ಲಸಿಕೆಯೇ ಕಾರಣವಿರಬಹುದೆಂಬ ಮಾತು ಎದ್ದಿತು. ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ರಾಜ್ಯ ಸರ್ಕಾರ ತಜ್ಞರ ಸಮಿತಿಯಿಂದ ವಿಚಾರಣೆ ಮಾಡಿಸಿತು. ಲಸಿಕೆಗೂ ಇಂಥ ಸಾವುಗಳಿಗೂ ಸಂಬಂಧ ಕಂಡುಬರಲಿಲ್ಲವೆಂದು ಸಮಿತಿ ಹೇಳಿತು.

ಇದಕ್ಕೆ ಮೊದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ 47 ಆಸ್ಪತ್ರೆಗಳಲ್ಲಿ ಅಭ್ಯಾಸ ನಡೆಸಿತ್ತು. ಸತ್ತವರನ್ನೂ, ಅದೇ ವಯಸ್ಸಿನ ಬದುಕಿರುವವರನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸಿದಾಗ ಲಸಿಕೆ ಸಾವಿನ ಸಂಭವವನ್ನು ಹೆಚ್ಚಿಸಿರಲಿಲ್ಲ. ಎರಡು ಡೋಸು ಪಡೆದವರಲ್ಲಿ ಸಂಭವ ಕಡಿಮೆಯೇ ಇತ್ತು. ಹೆಚ್ಚಿಸಿದ್ದು ಯಾವುವು? ಹಿಂದೆ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಚರಿತ್ರೆ, ಸಾವಿಗೆ ಎರಡು ದಿನ ಮುಂಚೆ ಮಿತಿಮೀರಿದ ಕುಡಿತ, ಮಾದಕ ವಸ್ತು, ವಾಡಿಕೆ ಮೀರಿದ ದೇಹಶ್ರಮ. ಇಲ್ಲಿ ತಪ್ಪು ಭಯದ ನಷ್ಟವೇನೆಂದು ಯೋಚಿಸಿ. ಲಸಿಕೆಯನ್ನು ದೂರಿ ಸುಮ್ಮನಾದವನು ತನ್ನ ರಕ್ತದೊತ್ತಡ, ಸಕ್ಕರೆ, ಬೀಡಿ, ಕುಡಿತಗಳ ಕಡೆ ನೋಡುವುದೇ ಇಲ್ಲ. ಕೊಂಬೆ ತಿನ್ನುವ ಹುಳು ಒಳಗೇ ಉಳಿಯುತ್ತದೆ.

ನಿಮ್ಮ ಹಕ್ಕು, ನಿಮ್ಮ ಕೆಲಸ

2022ರ ಮೇ 2ರಂದು ಸುಪ್ರೀಂ ಕೋರ್ಟು ಈ ವಿಷಯದಲ್ಲಿ ತೀರ್ಪು ಕೊಟ್ಟಿತು. ಯಾರಿಗೂ ಬಲವಂತವಾಗಿ ಲಸಿಕೆ ಚುಚ್ಚಕೂಡದು. ಸರ್ಕಾರದ ಲಸಿಕಾ ನೀತಿ ಅವಿವೇಕದ್ದೆಂದು ಹೇಳಲಾಗದು. ಲಸಿಕೆಯ ನಂತರ ಆದ ತೊಂದರೆಗಳ ವರದಿಯನ್ನು ಜನರಿಗೆ ಸಿಗುವಂತೆ ಪ್ರಕಟಿಸಬೇಕು. ಪುಣೆಯ ಸೈನಿಕರಿಂದ ಇಲ್ಲಿಗೆ ನಾವು ಬಹುದೂರ ಬಂದಿದ್ದೇವೆ. ಬಲವಂತ ಹೋದ ಮೇಲೆ ಉಳಿಯುವುದು ನಮ್ಮ ವಿವೇಕದ ಹೊಣೆ. ಮುಂದೆ ಯಾವುದೇ ಲಸಿಕೆಯ ಕರೆ ಬಂದಾಗ ಈ ಕ್ರಮ ಅನುಸರಿಸಿ.

1. ಪ್ರಶ್ನೆಯನ್ನು ಕಟ್ಟೆಯ ಮೇಲೆ ಬಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಈ ರೋಗ ನನ್ನ ವಯಸ್ಸಿನವರಿಗೆ ಎಷ್ಟು ಅಪಾಯ? ಲಸಿಕೆಯಿಂದ ಎಷ್ಟು ಅಪಾಯ? ಎಷ್ಟು ಜನರ ಮೇಲೆ ಪರೀಕ್ಷೆಯಾಗಿದೆ? ಎಂದು ಕೇಳಿ. ಹಿಂದೆ ಯಾವುದಾದರೂ ಚುಚ್ಚುಮದ್ದಿನಿಂದ ಉಸಿರು ಕಟ್ಟಿದ್ದರೆ, ಮೈ ಊದಿದ್ದರೆ, ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

2. ಸಿರಿಂಜು ಹೊಸದೇ, ಬಾಟಲಿ ತೆರೆದು ಎಷ್ಟು ಹೊತ್ತಾಯಿತು ಎಂದು ಕೇಳಲು ಸಂಕೋಚ ಬೇಡ. ಮಕ್ಕಳ ಅನೇಕ ಲಸಿಕೆಗಳ ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಮದ್ದು ಬಿಸಿಯಿಂದ ಕೆಟ್ಟಿಲ್ಲವೆಂದು ಅರ್ಥ.

3. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಅಪರೂಪಕ್ಕೆ ಬರುವ ತೀವ್ರ ಅಲರ್ಜಿ ಸಾಮಾನ್ಯವಾಗಿ ಈ ಹೊತ್ತಿನಲ್ಲಿಯೇ ಬರುತ್ತದೆ. ಮದ್ದೂ ಅಲ್ಲಿಯೇ ಇರುತ್ತದೆ.

4. ತೋಳು ನೋವು, ಮೈಕೈ ನೋವು, ಒಂದೆರಡು ದಿನದ ಜ್ವರ ಬರಬಹುದು. ನಾಟಿಯ ಇಲ್ಲವೇ ಕೊಯ್ಲಿನ ಹಿಂದಿನ ದಿನ ಹಾಕಿಸಿಕೊಳ್ಳದೆ, ಬಿಡುವಿನ ದಿನ ಗೊತ್ತುಮಾಡಿಕೊಳ್ಳಿ. ಕೂಲಿಯವರಿಗೂ ಆ ದಿನ ಬಿಡುವು ಕೊಡಿ.

5. ಬಿಡದ ತಲೆನೋವು, ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು, ಒಂದು ಕಾಲು ಊದುವುದು, ಚುಚ್ಚಿದ ಜಾಗದಿಂದ ದೂರ ಚರ್ಮದ ಮೇಲೆ ಕೆಂಪು ಚುಕ್ಕೆ ಏಳುವುದು, ಇಂಥವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಲಸಿಕೆಯ ಚೀಟಿ ಜೊತೆಯಲ್ಲಿರಲಿ.

6. ತೊಂದರೆಯಾದರೆ ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ತಿಳಿಸಿ, ವರದಿ ಬರೆಯಿಸಿ. ಕಟ್ಟೆಯ ಮೇಲೆ ಹತ್ತು ಜನರಿಗೆ ಹೇಳಿದರೆ ಭಯ ಹೆಚ್ಚುತ್ತದೆ. ದಾಖಲೆಯಲ್ಲಿ ಒಂದು ಬಾರಿ ಬರೆಸಿದರೆ ಎಣಿಕೆಗೆ ಸೇರುತ್ತದೆ. 53-ಎನ್ ಗುರುತು ಬರೆದಿಟ್ಟಿದ್ದರಿಂದಲೇ ಆ ಬಾಟಲಿ ಸಿಕ್ಕಿಬಿತ್ತು.

7. ಊರಿನಲ್ಲಿ ನಂಬಿಕೆಯುಳ್ಳ ಹಿರಿಯರು, ಶಿಕ್ಷಕರು, ಸಂಘದ ಮುಖಂಡರು ಮೊದಲು ತಾವು ತಿಳಿದುಕೊಂಡು, ತಾವು ಹಾಕಿಸಿಕೊಂಡು, ಬಳಿಕ ಬೇರೆಯವರಿಗೆ ಹೇಳಲಿ. ಹೆದರಿದವನನ್ನು ಗೇಲಿ ಮಾಡಬೇಡಿ. ಅವನ ಕಾರಣ ಕೂಲಿಯೋ, ಹಿಂದಿನ ಕಹಿ ಅನುಭವವೋ, ಗಾಳಿಮಾತೋ ಎಂದು ಕೇಳಿ, ಅದಕ್ಕೆ ತಕ್ಕ ಉತ್ತರ ಕೊಡಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹಿರಿಯರ ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಗುರುತನ್ನು ನೀವು ಕಂಡಿರಬಹುದು. ಅವರಲ್ಲಿಯೂ ಭಯವಿತ್ತು, ಜ್ವರವೂ ಬಂದಿತ್ತು. ಆದರೂ ಹಾಕಿಸಿಕೊಂಡರು. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಿಸಲೇ ಇಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. 2021ರಲ್ಲಿ ನಮ್ಮ ಊರಿನಲ್ಲಿ ಯಾರು ಯಾರು ಹಿಂಜರಿದರು? ಬಲವಂತ, ಗಾಳಿಮಾತು, ಕೂಲಿ ಈ ಮೂರರಲ್ಲಿ ಯಾವ ಕಾರಣ ಹೆಚ್ಚಾಗಿತ್ತು?

2. ಮುಲ್ಕೋವಾಲದಲ್ಲಿ 88 ಮಂದಿಗೆ ಏನೂ ಆಗಲಿಲ್ಲವೆಂಬ ಸಂಗತಿಯಿಂದ ನಮಗೆ ಏನು ತಿಳಿಯುತ್ತದೆ?

3. 3,000 ಜನರಿರುವ ಊರಿನಲ್ಲಿ ವರ್ಷಕ್ಕೆ ವಾಡಿಕೆಯಂತೆ ಎಷ್ಟು ಸಾವುಗಳಾಗಬಹುದು? ಲೆಕ್ಕ ಹಾಕಿ, ಪಂಚಾಯಿತಿಯ ಜನನ ಮರಣದ ಪುಸ್ತಕದೊಡನೆ ಹೋಲಿಸಿ ನೋಡಿ.

4. ನಮ್ಮ ಊರಿನಲ್ಲಿ ಲಸಿಕೆಯ ನಂತರ ತೊಂದರೆಯಾದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕೆಂಬುದು ಪ್ರತಿ ಮನೆಗೂ ಗೊತ್ತಿದೆಯೇ? ಇಲ್ಲದಿದ್ದರೆ ಗೊತ್ತುಮಾಡುವ ಹೊಣೆ ಯಾರದು?